ಕಾಯುವ ಕೈ, ಕಟ್ಟುವ ಕೈ

ನಮ್ಮ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರದ ದೇವರು ಹುಚ್ಚರಾಯಸ್ವಾಮಿ. ಈ ಆಂಜನೇಯನಿಗೆ ಭ್ರಾಂತೇಶ ಎಂಬ ಹೆಸರೂ ಉಂಟು. ಹಾವೇರಿ ಜಿಲ್ಲೆಯ ಕದರಮಂಡಲಗಿಯ ಕಾಂತೇಶ, ಸಾತೇನಹಳ್ಳಿಯ ಶಾಂತೇಶ, ಶಿಕಾರಿಪುರದ ಭ್ರಾಂತೇಶ, ಈ ಮೂವರ ದರ್ಶನವನ್ನು ಒಂದೇ ದಿನ ಮಾಡಿದರೆ ವಿಶೇಷ ಪುಣ್ಯವೆಂದು ಭಕ್ತರು ನಂಬುತ್ತಾರೆ. ಹುಚ್ಚಪ್ಪ, ಹುಚ್ಚರಾಯಪ್ಪ, ಹುಚ್ಚಮ್ಮ ಎಂದು ಮಕ್ಕಳಿಗೆ ಹೆಸರಿಟ್ಟು ಪ್ರೀತಿಯಿಂದ ಕರೆದ ಸೀಮೆ ಇದು. ಆದರೆ ಇದೇ ಮಾತು ದೇವರ ಹೆಸರಿನಿಂದ ಕಳಚಿ ಮನೆಯ ಮಗನಿಗೋ ಸೊಸೆಗೋ ಅಂಟಿತೆಂದರೆ ಅದರ ಅರ್ಥವೇ ಬೇರೆಯಾಗುತ್ತದೆ. ಮದುವೆಯ ಮಾತುಕತೆ ಮುರಿದುಬೀಳುತ್ತದೆ, ನೆಂಟರು ಹೊಸಿಲು ತುಳಿಯುವುದು ಕಡಿಮೆಯಾಗುತ್ತದೆ. ಕೆಲವು ಮನೆಗಳಲ್ಲಿ ಹಿತ್ತಲ ಕೋಣೆಗೆ ಹೊರಗಿನಿಂದ ಚಿಲಕ ಬೀಳುತ್ತದೆ, ಕೊಟ್ಟಿಗೆಯ ಕಂಬಕ್ಕೆ ಸರಪಳಿ ಬರುತ್ತದೆ. ಹೀಗೆ ಮಾಡಿದವರು ಕಟುಕರೇನಲ್ಲ. ಚಿಲಕ ಹಾಕಿದ ತಾಯಿಯೇ ಎರಡು ಹೊತ್ತು ತಟ್ಟೆಯಲ್ಲಿ ಅನ್ನ ಕಲಸಿಕೊಂಡು ಅದೇ ಬಾಗಿಲು ತೆಗೆದು ಒಳಗೆ ಹೋಗುತ್ತಾಳೆ. ಕಟ್ಟುವುದೂ ಉಣಿಸುವುದೂ ಒಂದೇ ಕೈ. ಮಾನಸಿಕ ಕಾಯಿಲೆಯವರ ಶುಶ್ರೂಷೆಯ ಇಡೀ ಕಷ್ಟ ಇಲ್ಲಿಂದಲೇ ಶುರುವಾಗುತ್ತದೆ.

ಕನ್ನಡದಲ್ಲಿ ‘ಕಾಯು’ ಎಂಬ ಕ್ರಿಯಾಪದಕ್ಕೆ ಇರುವಷ್ಟು ಹರಹು ಬೇರೆ ಮಾತುಗಳಿಗೆ ಕಡಿಮೆ. ದನ ಕಾಯುತ್ತೇವೆ, ಮೆಕ್ಕೆಜೋಳದ ಹೊಲ ಕಾಯುತ್ತೇವೆ, ಬಸ್ಸಿಗೆ ಕಾಯುತ್ತೇವೆ, ದೇವರೇ ಕಾಯಪ್ಪಾ ಎಂದು ಕೈಮುಗಿಯುತ್ತೇವೆ. ಕಾವಲು, ರಕ್ಷಣೆ, ತಾಳ್ಮೆಯ ನಿರೀಕ್ಷೆ ಮೂರೂ ಆ ಒಂದು ಮಾತಿನಲ್ಲಿವೆ. ಮಾನಸಿಕ ಆರೋಗ್ಯದ ವಾರ್ಡಿನಲ್ಲಿ ಕೆಲಸ ಮಾಡುವ ಸಿಸ್ಟರ್ ಈ ಮೂರು ಅರ್ಥದಲ್ಲೂ ರೋಗಿಯನ್ನು ಕಾಯಬೇಕು. ಅವನು ತನಗೂ ಬೇರೆಯವರಿಗೂ ಅಪಾಯ ಮಾಡದಂತೆ ಕಾಯಬೇಕು, ಬೇರೆಯವರು ಅವನಿಗೆ ಅಪಾಯ ಮಾಡದಂತೆ ಕಾಯಬೇಕು, ಅವನ ಮನಸ್ಸು ತಿಳಿಯಾಗುವವರೆಗೆ ಕಾಯಬೇಕು. ಈ ಕೆಲಸದ ಬಗ್ಗೆ ಮಾತಾಡುವಾಗಲೆಲ್ಲ ಆರೈಕೆ ಮತ್ತು ಹತೋಟಿಯನ್ನು ತಕ್ಕಡಿಯ ಎರಡು ತಟ್ಟೆಗಳಂತೆ ಕಾಣುವುದು ರೂಢಿ. ಒಂದಿಷ್ಟು ಇದು, ಒಂದಿಷ್ಟು ಅದು ಹಾಕಿ ಸಮತೂಕ ಮಾಡಿದರೆ ಆಯಿತು ಎಂಬ ಭಾವನೆ. ಈ ಹೋಲಿಕೆಯೇ ನಮ್ಮನ್ನು ದಾರಿ ತಪ್ಪಿಸಿದೆ ಎಂದು ನನಗನ್ನಿಸುತ್ತದೆ. ಆರೈಕೆ ಎಲ್ಲಿ ಕಡಿಮೆ ಬೀಳುತ್ತದೋ ಆ ಖಾಲಿ ಜಾಗವನ್ನು ಹತೋಟಿ ತುಂಬುತ್ತದೆ. ಕೈಗಳು ಸಾಲದ ಕಡೆ ಹಗ್ಗ ಬರುತ್ತದೆ, ಮಾತಿಗೆ ಬಿಡುವಿಲ್ಲದ ಕಡೆ ಸೂಜಿ ಬರುತ್ತದೆ, ಔಷಧವೇ ತಲುಪದ ಹಳ್ಳಿಯಲ್ಲಿ ಸರಪಳಿ ಬರುತ್ತದೆ. ಆದ್ದರಿಂದ ಎಷ್ಟು ಹತೋಟಿ ಸರಿ ಎಂದು ಕೇಳುವ ಮೊದಲು ಎಷ್ಟು ಆರೈಕೆ ಕೊಟ್ಟಿದ್ದೆವು ಎಂದು ಕೇಳಬೇಕು.

ನಮ್ಮ ಕಾನೂನು ಈ ಪ್ರಶ್ನೆಯ ಹತ್ತಿರ ಬರಲು ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. 1912ರ ಕಾಯ್ದೆಯ ಹೆಸರಿನಲ್ಲೇ ‘ಲೂನಸಿ’, ಅಂದರೆ ಹುಚ್ಚು, ಎಂಬ ಮಾತಿತ್ತು. ಕಾಯಿಲೆಯವರನ್ನು ಸಮಾಜದಿಂದ ಬೇರ್ಪಡಿಸಿ ಇಡುವುದು ಅದರ ಮುಖ್ಯ ಚಿಂತೆಯಾಗಿತ್ತು. 1987ರ ಮಾನಸಿಕ ಆರೋಗ್ಯ ಕಾಯ್ದೆ ಅದನ್ನು ಸ್ವಲ್ಪ ಮೆದುಗೊಳಿಸಿತು. ಸಂಸತ್ತು 2017ರಲ್ಲಿ ಒಪ್ಪಿದ, 2018ರ ಮೇ ತಿಂಗಳಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ತನ್ನ ಹೆಸರಿನಲ್ಲೇ ‘ಆರೈಕೆ’ಯನ್ನು ಸೇರಿಸಿಕೊಂಡಿತು. ಅದರ 95ನೇ ಕಲಮು ಮಾನಸಿಕ ಕಾಯಿಲೆಯವರನ್ನು ಯಾವುದೇ ರೀತಿಯಲ್ಲಿ, ಯಾವುದೇ ರೂಪದಲ್ಲಿ ಸರಪಳಿಯಿಂದ ಬಿಗಿಯುವುದನ್ನು ನಿಷೇಧಿಸುತ್ತದೆ. 97ನೇ ಕಲಮು ಒಬ್ಬಂಟಿಯಾಗಿ ಕೂಡಿಹಾಕಕೂಡದು ಎನ್ನುತ್ತದೆ. ದೈಹಿಕವಾಗಿ ಕಟ್ಟುವುದಕ್ಕೆ ಮಾತ್ರ ಒಂದು ಕಿರಿದಾದ ಬಾಗಿಲು ಬಿಟ್ಟಿದೆ. ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ, ಚಿಕಿತ್ಸೆಯ ಹೊಣೆ ಹೊತ್ತ ಮನೋವೈದ್ಯರ ಒಪ್ಪಿಗೆಯ ಮೇಲೆ, ಅಗತ್ಯಕ್ಕಿಂತ ಒಂದು ಗಳಿಗೆಯೂ ಹೆಚ್ಚಾಗದಂತೆ ಕಟ್ಟಬಹುದು. ಹೇಗೆ ಕಟ್ಟಿದರು, ಯಾಕೆ ಕಟ್ಟಿದರು, ಎಷ್ಟು ಹೊತ್ತು ಕಟ್ಟಿದರು ಎಂಬುದನ್ನು ಆಗಲೇ ಬರೆದಿಡಬೇಕು. ರೋಗಿ ತನ್ನ ಪರವಾಗಿ ಆರಿಸಿಕೊಂಡ ಪ್ರತಿನಿಧಿಗೆ 24 ಗಂಟೆಯೊಳಗೆ ತಿಳಿಸಬೇಕು. ಶಿಕ್ಷೆಯಾಗಿ, ಬೆದರಿಕೆಯಾಗಿ ಕಟ್ಟುವಂತಿಲ್ಲ. ಇನ್ನೊಂದು ಮಾತು ಅಲ್ಲೇ ಇದೆ, ನನ್ನ ಮಟ್ಟಿಗೆ ಇಡೀ ಕಲಮಿನ ಜೀವ ಅದು: ಸಿಬ್ಬಂದಿ ಕಡಿಮೆ ಇದ್ದಾರೆ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಕಟ್ಟಕೂಡದು. ಆರೈಕೆಯ ಕೊರತೆಯನ್ನು ಹಗ್ಗದಿಂದ ತುಂಬಬೇಡಿ ಎಂದು ಕಾನೂನೇ ಹೇಳಿದಂತಾಯಿತು.

ಇಷ್ಟು ಬಿಗಿ ಏಕೆ ಬೇಕಿತ್ತು ಎಂದು ಕೇಳುವವರು 2001ರ ಆಗಸ್ಟ್ 6ನ್ನು ನೆನೆಯಬೇಕು. ತಮಿಳುನಾಡಿನ ರಾಮನಾಥಪುರ ಜಿಲ್ಲೆಯ ಏರ್ವಾಡಿಯಲ್ಲಿ, ದರ್ಗಾದ ಆಸುಪಾಸಿನ ಒಂದು ಖಾಸಗಿ ಆಶ್ರಯದ ಚಪ್ಪರಕ್ಕೆ ಅಂದು ನಸುಕಿನಲ್ಲಿ ಬೆಂಕಿ ಬಿತ್ತು. ಕಾಲಿಗೆ ಸರಪಳಿ ಇದ್ದ 28 ಜನ ಓಡಲಾಗದೆ ಸತ್ತರು. ಅವರನ್ನು ಅಲ್ಲಿ ಬಿಟ್ಟುಹೋಗಿದ್ದು ಅವರವರ ಮನೆಯವರೇ, ಗುಣವಾಗಲಿ ಎಂಬ ಆಸೆಯಿಂದಲೇ. ಅಪಾಯ ತಪ್ಪಲೆಂದು ಹಾಕಿದ ಸರಪಳಿ ಅಪಾಯ ಬಂದ ಗಳಿಗೆಯಲ್ಲಿ ಪ್ರಾಣ ತೆಗೆಯಿತು. ಏರ್ವಾಡಿಯಂಥ ಜಾಗಗಳ ಮೇಲೆ ಈಗ ಕಾನೂನಿನ ಕಣ್ಣಿದೆ. ಮನೆಯ ಮಾತು ಬೇರೆ. ಬಂಧುಗಳ ಜೊತೆ ರೋಗಿ ಇರುವ ಮನೆಯನ್ನು ಕಾಯ್ದೆ ಮಾನಸಿಕ ಆರೋಗ್ಯ ಸಂಸ್ಥೆಯೆಂದು ಲೆಕ್ಕ ಹಿಡಿಯುವುದಿಲ್ಲ, ಆದ್ದರಿಂದ ಅಲ್ಲಿ ತಪಾಸಣೆ ಇಲ್ಲ, ದಾಖಲೆ ಇಲ್ಲ, 24 ಗಂಟೆಯ ಗಡುವಿಲ್ಲ. ಮನೆಯಲ್ಲಿ ಕಾಯಿಲೆಯವರನ್ನು ಹಿಂಸಿಸುತ್ತಿದ್ದಾರೆ, ಕಡೆಗಣಿಸಿದ್ದಾರೆ ಎಂದು ಗೊತ್ತಾದರೆ ಠಾಣಾಧಿಕಾರಿ ಮ್ಯಾಜಿಸ್ಟ್ರೇಟರಿಗೆ ವರದಿ ಮಾಡಬೇಕೆಂದು 101ನೇ ಕಲಮು ಹೇಳುತ್ತದೆ, ಸರಿ. ಆದರೆ ದಿಕ್ಕುಗಾಣದೆ ಚಿಲಕ ಹಾಕಿದ ತಾಯಿಯ ಬಾಗಿಲಿಗೆ ಮೊದಲು ಹೋಗಬೇಕಾದವರು ಪೊಲೀಸರೇ? ಅವರಿಗಿಂತ ಮೊದಲು ಔಷಧದ ಚೀಲ ಹಿಡಿದ ಸಿಸ್ಟರ್ ಹೋಗಿರಬೇಕಿತ್ತು.

ಅವರು ಹೋಗುತ್ತಿಲ್ಲ ಎಂಬುದಕ್ಕೆ ಲೆಕ್ಕವಿದೆ. ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಬೇರೆ ಬೇರೆ ಮಾನಸಿಕ ಕಾಯಿಲೆಗಳಲ್ಲಿ ಚಿಕಿತ್ಸೆ ಸಿಗದೆ ಉಳಿದವರು ಶೇ 70ರಿಂದ 92ರಷ್ಟು. ಮನಸ್ಸು ವಾಸ್ತವದ ಎಳೆಯನ್ನೇ ಕಳೆದುಕೊಳ್ಳುವ ಸೈಕೋಸಿಸ್‌ನಂಥ ತೀವ್ರ ಕಾಯಿಲೆಯಲ್ಲೂ ನಾಲ್ವರಲ್ಲಿ ಮೂವರಿಗೆ ಚಿಕಿತ್ಸೆ ಇರಲಿಲ್ಲ. ಈ ಅಂತರವನ್ನು ತುಂಬಬಹುದೇ ಎಂಬುದಕ್ಕೆ ಉತ್ತರ ದೂರದಲ್ಲಿಲ್ಲ, ನಮ್ಮ ಜಿಲ್ಲೆಯ ತೀರ್ಥಹಳ್ಳಿಯಲ್ಲೇ ಇದೆ. ನಿಮ್ಹಾನ್ಸ್‌ನ ತಂಡ 2005ರಿಂದ ಆ ತಾಲ್ಲೂಕಿನಲ್ಲಿ ಸ್ಥಳೀಯ ಆರೋಗ್ಯ ಕಾರ್ಯಕರ್ತರ ನೆರವಿನಿಂದ ಸ್ಕಿಜೋಫ್ರೇನಿಯಾ ಇರುವವರನ್ನು ಹುಡುಕಿ, ಚಿಕಿತ್ಸೆಗೆ ತಂದು, ವರ್ಷಗಟ್ಟಲೆ ಅವರ ಬೆನ್ನು ಬಿಡದೆ ನೋಡಿತು. ಔಷಧ ತೆಗೆದುಕೊಳ್ಳುತ್ತಿದ್ದವರಲ್ಲಿ ಅಂಗವೈಕಲ್ಯದ ಮಟ್ಟ, ಅಂದರೆ ದಿನದ ಕೆಲಸ, ಸಂಬಂಧ, ಸ್ವಂತ ನಿಗಾ ಮಾಡಿಕೊಳ್ಳಲಾಗದ ಸ್ಥಿತಿ, ಔಷಧವಿಲ್ಲದೆ ಉಳಿದವರಿಗಿಂತ ಕಡಿಮೆ ಇತ್ತು. ಅಲ್ಲಿ ಬಳಸಿದ್ದು ಸಾಮಾನ್ಯ ಮಾತ್ರೆಗಳು, ಮನೆ ಬಾಗಿಲಿಗೆ ಹೋಗುವ ಮನುಷ್ಯರು, ತಪ್ಪದ ಭೇಟಿ. ತೀರ್ಥಹಳ್ಳಿಯಲ್ಲಿ ಆದದ್ದು ಶಿಕಾರಿಪುರದಲ್ಲಿ, ಸೊರಬದಲ್ಲಿ ಆಗಬಾರದು ಎನ್ನಲು ಯಾವ ಕಾರಣವೂ ಇಲ್ಲ. ಶಿಕಾರಿಪುರದಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ 50 ಕಿಲೋಮೀಟರಿನ ಆಸುಪಾಸು, ಸೊರಬದಿಂದ ಇನ್ನೂ ದೂರ. ಶುಂಠಿ ಕೀಳುವ ಕಾಲದಲ್ಲಿ ಕೂಲಿ ಬಿಟ್ಟು, ಮಾತು ಕೇಳದ ಮಗನನ್ನು ಬಸ್ಸಿನಲ್ಲಿ ಕೂರಿಸಿಕೊಂಡು, ತಿಂಗಳಿಗೊಮ್ಮೆ ಅಷ್ಟು ದೂರ ಹೋಗಿಬನ್ನಿ ಎಂದು ಹೇಳುವುದು ಸುಲಭ. ಹೋಗಲಾಗದ ತಿಂಗಳು ಮಾತ್ರೆ ನಿಲ್ಲುತ್ತದೆ, ಮಾತ್ರೆ ನಿಂತ ಮೇಲೆ ಚಿಲಕ ಬೀಳುತ್ತದೆ.

ಒಳ್ಳೆಯ ಶುಶ್ರೂಷೆ ಹೇಗಿರುತ್ತದೆ ಎಂಬುದನ್ನು ಹತ್ತಿರದಿಂದ ನೋಡೋಣ. ಜಡೆಯ ಕಡೆಯಿಂದಲೋ ಶಿರಾಳಕೊಪ್ಪದ ಕಡೆಯಿಂದಲೋ ಒಬ್ಬನನ್ನು ರಾತ್ರಿ ಜೀಪಿನಲ್ಲಿ ಆಸ್ಪತ್ರೆಗೆ ಕರೆತಂದರು ಎನ್ನಿ. ನಾಲ್ಕು ದಿನದಿಂದ ನಿದ್ದೆ ಇಲ್ಲ, ಊಟ ಬಿಟ್ಟಿದ್ದಾನೆ, ಯಾರೋ ತನ್ನನ್ನು ಕೊಲ್ಲಲು ಬರುತ್ತಿದ್ದಾರೆ ಎನ್ನುತ್ತಾನೆ. ಮಣಿಕಟ್ಟುಗಳನ್ನು ಟವೆಲ್ಲಿನಲ್ಲಿ ಬಿಗಿದಿದ್ದಾರೆ, ಸುತ್ತ ಆರೇಳು ಜನ. ತರಬೇತಿ ಪಡೆದ ಸಿಸ್ಟರ್ ಮೊದಲು ಆ ಜನರನ್ನು ಹೊರಗೆ ಕಳಿಸುತ್ತಾರೆ, ಒಬ್ಬ ಬಂಧುವನ್ನು ಮಾತ್ರ ಉಳಿಸಿಕೊಳ್ಳುತ್ತಾರೆ. ಒಂದು ಮಾರು ದೂರದಲ್ಲಿ, ಎದುರಿಗೆ ನಿಲ್ಲದೆ ಸ್ವಲ್ಪ ಓರೆಯಾಗಿ, ಬಾಗಿಲಿಗೆ ಅಡ್ಡವಾಗದಂತೆ ನಿಲ್ಲುತ್ತಾರೆ. ‘ಏನಾಯ್ತು ಇವನಿಗೆ’ ಎಂದು ಬಂಧುವನ್ನು ಕೇಳುವುದಕ್ಕೆ ಮುಂಚೆ ‘ನಿಮ್ಮ ಹೆಸರೇನು? ನಾನು ಇಲ್ಲಿನ ಸಿಸ್ಟರ್. ನೀರು ಕುಡೀತೀರಾ?’ ಎಂದು ಅವನನ್ನೇ ಕೇಳುತ್ತಾರೆ. ಕೊಲ್ಲಲು ಬರುವವರು ಯಾರೂ ಇಲ್ಲ ಎಂದು ವಾದಿಸುವುದಿಲ್ಲ, ಹೌದೌದು ಎಂದು ತಲೆಯಾಡಿಸುವುದೂ ಇಲ್ಲ, ‘ನಿಮಗೆ ಭಯ ಆಗ್ತಿದೆ, ಇಲ್ಲಿ ನಾನಿದ್ದೀನಿ’ ಎನ್ನುತ್ತಾರೆ. ಟವೆಲ್ ಬಿಚ್ಚಿದರೆ ಇಲ್ಲೇ ಕೂರುತ್ತೀರಾ, ಮಾತ್ರೆ ನುಂಗುತ್ತೀರಾ, ಇಂಜೆಕ್ಷನ್ ಆಗಬಹುದಾ, ಯಾವ ಕೈಗೆ ಎಂದು ಸಣ್ಣ ಸಣ್ಣ ಆಯ್ಕೆಗಳನ್ನು ಅವನ ಮುಂದಿಡುತ್ತಾರೆ. ಎಲ್ಲವನ್ನೂ ಕಳೆದುಕೊಂಡವನಿಗೆ ಯಾವ ಕೈ ಎಂದು ಹೇಳುವ ಅಧಿಕಾರವೂ ದೊಡ್ಡದೇ. ಇಷ್ಟಾದರೂ ಅವನು ಗೋಡೆಗೆ ತಲೆ ಚಚ್ಚಿಕೊಳ್ಳಲು ಹೋದರೆ, ಆಗ ವೈದ್ಯರ ಆದೇಶದ ಮೇಲೆ ಮೆತ್ತನೆಯ ಬಟ್ಟೆಯಿಂದ ಕಟ್ಟಬೇಕಾಗಬಹುದು. ಕಟ್ಟಿನೊಳಗೆ ಎರಡು ಬೆರಳು ತೂರುವಷ್ಟು ಸಡಿಲವಿರಬೇಕು. ಕಾಲು ಗಂಟೆಗೊಮ್ಮೆ ಬಂದು ಬೆರಳ ತುದಿ ತಣ್ಣಗಾಗಿದೆಯೇ, ನೀಲಿಯಾಗಿದೆಯೇ, ಉಸಿರು ಸರಿಯಿದೆಯೇ ನೋಡಬೇಕು. ನೀರು ಬೇಕೇ, ಮೂತ್ರಕ್ಕೆ ಹೋಗಬೇಕೇ ಕೇಳಬೇಕು. ಯಾಕೆ ಕಟ್ಟಿದೆವು, ಯಾವಾಗ ಬಿಚ್ಚುತ್ತೇವೆ ಎಂಬುದನ್ನು ಅವನಿಗೆ ಅರ್ಥವಾಗದಿದ್ದರೂ ಹೇಳಬೇಕು. ಮರುದಿನ ಅವನು ಸ್ತಿಮಿತಕ್ಕೆ ಬಂದಾಗ ಪಕ್ಕದಲ್ಲಿ ಕೂತು ರಾತ್ರಿ ನಡೆದದ್ದನ್ನು ಮಾತಾಡಬೇಕು. ಈ ಕೊನೆಯ ಕೆಲಸವೇ ಹೆಚ್ಚಾಗಿ ಬಿಟ್ಟುಹೋಗುವುದು, ಮತ್ತು ಅದು ಬಿಟ್ಟುಹೋದಾಗಲೇ ಕಟ್ಟಿದ ನೆನಪು ಅವಮಾನವಾಗಿ ಉಳಿಯುವುದು.

ರೇಗಿಬಿದ್ದವನ ಮುಂದೆ ಮೆದುಮಾತು ನಡೆಯುವುದಿಲ್ಲ, ಇದೆಲ್ಲ ಪುಸ್ತಕದ ಬದನೆಕಾಯಿ ಎಂಬ ಆಕ್ಷೇಪ ಇಲ್ಲಿ ಬಂದೇ ಬರುತ್ತದೆ. ವಾರ್ಡಿನಲ್ಲಿ ಪೆಟ್ಟು ತಿಂದ ಸಿಸ್ಟರುಗಳಿದ್ದಾರೆ, ಅವರ ಭಯ ಸುಳ್ಳಲ್ಲ. ಅದಕ್ಕೆ ಉತ್ತರ ಪುರಾವೆಯಿಂದಲೇ ಬರಬೇಕು. ಇಂಗ್ಲೆಂಡಿನಲ್ಲಿ ಶುಶ್ರೂಷೆಯ ಪ್ರಾಧ್ಯಾಪಕ ಲೆನ್ ಬವರ್ಸ್ ಅವರ ತಂಡ 15 ಆಸ್ಪತ್ರೆಗಳ 31 ವಾರ್ಡುಗಳಲ್ಲಿ ‘ಸೇಫ್‌ವಾರ್ಡ್ಸ್’ ಎಂಬ ಪ್ರಯೋಗ ನಡೆಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿತು. ಅದರಲ್ಲಿದ್ದ ಉಪಾಯಗಳು ಬಹಳ ಸರಳ. ಬೇಡ ಎನ್ನಬೇಕಾದಾಗ ಹೇಗೆ ಹೇಳಬೇಕು, ರೋಗಿಗೆ ಕೆಟ್ಟ ಸುದ್ದಿ ಬಂದ ದಿನ ಅವನ ಜೊತೆ ಹೇಗಿರಬೇಕು, ರೋಗಿಗಳೂ ಸಿಬ್ಬಂದಿಯೂ ಪರಸ್ಪರ ಪರಿಚಯ ಮಾಡಿಕೊಳ್ಳುವುದು ಹೇಗೆ, ಗುಣವಾಗಿ ಹೊರಟವರು ಒಳಗಿರುವವರಿಗೆ ಒಂದು ಭರವಸೆಯ ಮಾತು ಬರೆದಿಟ್ಟು ಹೋಗುವುದು, ಇಂಥವು. ಈ ಉಪಾಯ ಬಳಸಿದ ವಾರ್ಡುಗಳಲ್ಲಿ ಜಗಳ, ಗಲಭೆ ಶೇ 15ರಷ್ಟು ಕಡಿಮೆಯಾದವು. ಕಟ್ಟುವುದು, ಕೂಡಿಹಾಕುವುದು, ಬಲವಂತದ ಇಂಜೆಕ್ಷನ್ ಮೊದಲಾದ ಹತೋಟಿಯ ಕ್ರಮಗಳು ಶೇ 26ರಷ್ಟು ಇಳಿದವು. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಸರ್ಕಾರಿ ಮಾನಸಿಕ ಆಸ್ಪತ್ರೆಗಳು 1990ರ ದಶಕದಲ್ಲಿ ಕಟ್ಟುವುದನ್ನೂ ಕೂಡಿಹಾಕುವುದನ್ನೂ ಬಹಳಷ್ಟು ತಗ್ಗಿಸಿದಾಗ ರೋಗಿಗಳಿಂದ ಸಿಬ್ಬಂದಿಗೆ ಆಗುವ ಗಾಯಗಳು ಅದರಿಂದ ಹೆಚ್ಚಲಿಲ್ಲ. ಕಟ್ಟುವುದು ಪೂರ್ತಿ ನಿಂತುಹೋಗುತ್ತದೆ ಎಂದು ಈ ಅಂಕಿಗಳು ಹೇಳುವುದಿಲ್ಲ, ನಾನೂ ಹೇಳುತ್ತಿಲ್ಲ. ನಾವು ಅನಿವಾರ್ಯ ಎಂದುಕೊಂಡ ಹತೋಟಿಯಲ್ಲಿ ಒಂದು ದೊಡ್ಡ ಪಾಲು ಅನಿವಾರ್ಯವಾಗಿರಲಿಲ್ಲ ಎಂಬುದಷ್ಟೇ ಇವುಗಳಿಂದ ಸ್ಥಿರವಾಗುತ್ತದೆ. ಆದರೆ ಅಷ್ಟಕ್ಕೂ ಕೈಗಳು ಬೇಕು. ನಮ್ಮ ದೇಶದಲ್ಲಿ ಲಕ್ಷ ಜನಸಂಖ್ಯೆಗೆ ಮಾನಸಿಕ ಆರೋಗ್ಯ ಶುಶ್ರೂಷಕರು ಒಬ್ಬರೂ ಪೂರ್ತಿ ಸಿಗುವುದಿಲ್ಲ. ರಾತ್ರಿ ಪಾಳಿಯಲ್ಲಿ ಇಡೀ ವಾರ್ಡಿಗೆ ಒಬ್ಬರೇ ಸಿಸ್ಟರ್ ಇದ್ದಾಗ ಕಾಲು ಗಂಟೆಗೊಮ್ಮೆ ಬೆರಳ ತುದಿ ನೋಡಿ ಎನ್ನುವುದು ಅವರ ಮೇಲೆ ಅನ್ಯಾಯ ಹೊರಿಸಿದಂತೆ. ಸಿಬ್ಬಂದಿ ಕೊರತೆಗೆ ರೋಗಿಯನ್ನು ಕಟ್ಟಬೇಡಿ ಎಂದ ಕಾನೂನು ಆ ಕೊರತೆಯ ಹೊಣೆಯನ್ನು ಸಿಸ್ಟರ್ ತಲೆಗೂ ಕಟ್ಟಬಾರದು. ಹುದ್ದೆ ತುಂಬದವರು ಅದಕ್ಕೆ ಉತ್ತರ ಕೊಡಬೇಕು.

ಕಣ್ಣಿಗೆ ಕಾಣುವ ಕಟ್ಟಿಗಿಂತ ನನ್ನನ್ನು ಹೆಚ್ಚು ಕಾಡುವುದು ಕಾಣದ ಕಟ್ಟು. ಅದರ ಇತಿಹಾಸವೂ ಉದ್ದವಿದೆ. ಪ್ಯಾರಿಸ್ಸಿನ ಬಿಸೆತ್ರ್ ಆಸ್ಪತ್ರೆಯಲ್ಲಿ 1797ರಲ್ಲಿ ರೋಗಿಗಳ ಕಬ್ಬಿಣದ ಸರಪಳಿ ಬಿಚ್ಚಿಸಿದ ಕೀರ್ತಿ ಬಹುಕಾಲ ವೈದ್ಯ ಫಿಲಿಪ್ ಪಿನೆಲ್ ಹೆಸರಿನಲ್ಲಿತ್ತು. ನಿಜಕ್ಕೂ ಆ ಕೆಲಸ ಮಾಡಿದವರು ಅಲ್ಲಿನ ಮೇಲ್ವಿಚಾರಕ ಜ್ಯಾಂ ಬಾಪ್ತಿಸ್ತ್ ಪ್ಯೂಸ್ಸೆಂ, ಅದೇ ಆಸ್ಪತ್ರೆಗೆ ರೋಗಿಯಾಗಿ ಬಂದು ಅಲ್ಲೇ ಕೆಲಸಕ್ಕೆ ನಿಂತ ಮನುಷ್ಯ. ಇಂದಿನ ಮಾತಿನಲ್ಲಿ ಹೇಳಿದರೆ ವೈದ್ಯರಿಗಿಂತ ಮೊದಲು ಶುಶ್ರೂಷಕ ಸರಪಳಿ ಬಿಚ್ಚಿದ. ಆದರೆ ಸರಪಳಿ ಹೋದ ಜಾಗಕ್ಕೆ ಬಿಗಿ ಅಂಗಿ ಬಂತು. 1952ರಲ್ಲಿ ಕ್ಲೋರ್‌ಪ್ರೊಮಜಿನ್ ಬಂದ ಮೇಲೆ ಬಿಗಿ ಅಂಗಿಯ ಜಾಗಕ್ಕೆ ಎಷ್ಟೋ ಕಡೆ ಔಷಧದ ಮಂಪರು ಬಂತು. ಔಷಧ ಬೇಕು, ತೀರ್ಥಹಳ್ಳಿ ಅದನ್ನೇ ತೋರಿಸಿದೆ. ರೋಗಿಗೆ ಬೇಕಾದಷ್ಟು ಕೊಡುವುದಕ್ಕೂ ವಾರ್ಡು ಸದ್ದಿಲ್ಲದೆ ಇರಲಿ ಎಂದು ಕೊಡುವುದಕ್ಕೂ ಇರುವ ಅಂತರವನ್ನು ಮೊದಲು ಗುರುತಿಸಬಲ್ಲವರು ಸಿಸ್ಟರ್. ಬಾಯಲ್ಲಿ ಜೊಲ್ಲು, ಬಿಗಿದ ಮೈ, ನಡುಗುವ ಕೈ ಕಂಡಾಗ ವೈದ್ಯರಿಗೆ ಹೇಳಿ ಔಷಧ ಹೊಂದಿಸುವಂತೆ ಮಾಡುವುದು ಅವರ ಕೆಲಸ. ಮನೆಗಳಲ್ಲಿ ಇದರ ಇನ್ನೊಂದು ರೂಪವಿದೆ, ಸಾರಿನಲ್ಲಿ, ಕಾಫಿಯಲ್ಲಿ ಗುಟ್ಟಾಗಿ ಮಾತ್ರೆ ಬೆರೆಸುವುದು. ಬೆರೆಸದಿದ್ದರೆ ನುಂಗುವುದಿಲ್ಲ, ನಾವೇನು ಮಾಡೋಣ ಎಂದು ಮನೆಯವರು ಕೇಳುತ್ತಾರೆ. ಅವರ ಸಂಕಟ ಅರ್ಥವಾಗುತ್ತದೆ. ಆದರೂ ನನ್ನ ಉತ್ತರ ಬೇಡ ಎಂದೇ. ಅನ್ನದಲ್ಲಿ ಏನೋ ಬೆರೆಸುತ್ತಿದ್ದಾರೆ ಎಂಬ ಅನುಮಾನವೇ ಕಾಯಿಲೆಯ ಲಕ್ಷಣವಾಗಿರುವವನಿಗೆ ನಿಜವಾಗಿಯೂ ಬೆರೆಸಿದ್ದು ಒಂದು ದಿನ ಗೊತ್ತಾದರೆ, ಆಮೇಲೆ ಆ ಮನೆಯ ಅನ್ನವನ್ನೂ ನಂಬುವುದಿಲ್ಲ, ಮಾತ್ರೆಯನ್ನೂ ನಂಬುವುದಿಲ್ಲ. ಎರಡು ವಾರಕ್ಕೋ ತಿಂಗಳಿಗೋ ಒಮ್ಮೆ ಕೊಡುವ ದೀರ್ಘಾವಧಿಯ ಇಂಜೆಕ್ಷನ್ ಇದೆ. ಅದನ್ನು ಅವನಿಗೆ ತಿಳಿಸಿ, ಒಪ್ಪಿಸಿ, ಹತ್ತಿರದ ಆಸ್ಪತ್ರೆಯಲ್ಲೇ ಸಿಸ್ಟರ್ ಕೊಡಬಹುದು. ಒಪ್ಪಿಸಲು ನಾಲ್ಕು ಭೇಟಿ ಬೇಕಾದೀತು. ಗುಟ್ಟಿನ ದಾರಿ ಹಿಡಿಯುವುದು ಆ ನಾಲ್ಕು ಭೇಟಿ ಕೊಡುವವರು ಇಲ್ಲದಿರುವುದರಿಂದ.

ಹಕ್ಕು, ಘನತೆ, ಒಪ್ಪಿಗೆ ಎಂಬುದೆಲ್ಲ ಪಟ್ಟಣದ ಮಾತು, ಹೊರಗಿನಿಂದ ಬಂದದ್ದು, ಹಳ್ಳಿಗೆ ಒಗ್ಗುವುದಿಲ್ಲ ಎನ್ನುವವರೂ ಇದ್ದಾರೆ. ಅವರು ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಗೆ ಒಮ್ಮೆ ಹೋಗಿಬರಲಿ. ಅಲ್ಲಿನ ಕೇದಾರೇಶ್ವರ ದೇವಾಲಯಕ್ಕೆ ಸೇರಿದ್ದ ಕೋಡಿಯಮಠವನ್ನು 1162ರ ಶಾಸನವೊಂದು ವರ್ಣಿಸುತ್ತದೆ. ವೇದ, ವ್ಯಾಕರಣ, ಕಾವ್ಯ ಕಲಿಸುವ ಜಾಗವೆಂದು ಹೇಳಿ, ಅದೇ ಉಸಿರಿನಲ್ಲಿ ಅದು ದೀನರಿಗೆ, ಅನಾಥರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ ಅನ್ನ ಕೊಡುವ ಜಾಗ, ದಿಕ್ಕಿಲ್ಲದ ರೋಗಿಗಳಿಗೆ ಔಷಧ ಕೊಡುವ ಜಾಗ, ಸಕಲ ಜೀವಿಗಳಿಗೂ ಅಭಯ ಕೊಡುವ ಜಾಗ ಎನ್ನುತ್ತದೆ. ಅನ್ನ, ಔಷಧ, ಅಭಯ ಒಂದೇ ಸೂರಿನಡಿ ಇದ್ದವು. 2017ರ ಕಾಯ್ದೆ ಕೇಳುತ್ತಿರುವುದು ಇದಕ್ಕಿಂತ ಹೆಚ್ಚಿನದನ್ನಲ್ಲ. ಈ ಮೂರರಲ್ಲಿ ಅನ್ನವನ್ನು ಮನೆಯವರು ಇವತ್ತಿಗೂ ಕೊಡುತ್ತಿದ್ದಾರೆ, ಔಷಧ ಅಷ್ಟಿಷ್ಟು ತಲುಪುತ್ತಿದೆ, ಅಭಯ ಮಾತ್ರ ತಲುಪಿಲ್ಲ. ಹುಚ್ಚರಾಯನ ಸನ್ನಿಧಿಗೋ ಚಂದ್ರಗುತ್ತಿಯ ರೇಣುಕಾಂಬೆಯ ಬೆಟ್ಟಕ್ಕೋ ಕಾಯಿಲೆಯವರನ್ನು ಕರೆದೊಯ್ಯುವ ಮನೆಯವರು ಹುಡುಕುವುದು ಆ ಅಭಯವನ್ನೇ. ಅವರ ಹರಕೆಯನ್ನು ಹಳಿಯುವ ಸಿಸ್ಟರ್ ಆ ಮನೆಯನ್ನು ಕಳೆದುಕೊಳ್ಳುತ್ತಾರೆ. ಹರಕೆ ತೀರಿಸಿ, ಮಾತ್ರೆ ಬಿಡಬೇಡಿ ಎಂದು ಹೇಳುವ ಸಿಸ್ಟರ್ ಆ ಮನೆಗೆ ಮತ್ತೆ ಹೋಗಬಲ್ಲರು.

ಶಿವಮೊಗ್ಗ ಜಿಲ್ಲೆಗೆ ಈ ವಿಷಯ ಹೊಸದಲ್ಲ. ಮನೋವೈದ್ಯ ಡಾ. ಕೆ.ಎ. ಅಶೋಕ್ ಪೈ ಇಲ್ಲಿಂದಲೇ ‘ಕಾಡಿನ ಬೆಂಕಿ’ಯಂಥ ಚಿತ್ರ ನಿರ್ಮಿಸಿ, ಲೇಖನ ಬರೆದು, ಮನಸ್ಸಿನ ಕಾಯಿಲೆಯನ್ನು ಪಡಸಾಲೆಯಲ್ಲಿ ಮಾತಾಡುವ ವಿಷಯವನ್ನಾಗಿ ಮಾಡಿದರು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದ ಬಳ್ಳಾರಿಯ ಪ್ರಯೋಗ. 2014ರಲ್ಲಿ ರಾಜ್ಯ ಸರ್ಕಾರ ‘ಮನೋಚೈತನ್ಯ’ ಎಂಬ ಹೆಸರಿನಲ್ಲಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುವ ಏರ್ಪಾಡು ಮಾಡಿತು. ವೈದ್ಯರು ಮಂಗಳವಾರ ಬಂದುಹೋದರೆ ಉಳಿದ ದಿನಗಳಲ್ಲಿ ಆ ರೋಗಿಯನ್ನು ಕಾಯುವವರು ಯಾರು? ಶಿಕಾರಿಪುರ ಮತ್ತು ಸೊರಬದ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಾನಸಿಕ ಶುಶ್ರೂಷೆಯ ತರಬೇತಿ ಪಡೆದ ಸಿಸ್ಟರುಗಳಿಗೆ ಅದೇ ಕೆಲಸ ಕೊಡಬೇಕು, ಬೇರೆ ವಾರ್ಡಿಗೆ ಎಳೆಯಬಾರದು. ಆಶಾ ಕಾರ್ಯಕರ್ತೆಯರ ಜೊತೆ ಅವರು ಮನೆಗಳಿಗೆ ಹೋಗಬೇಕು. ಮಾತ್ರೆ ತಪ್ಪಿದವರ ಪಟ್ಟಿ ಅವರ ಕೈಯಲ್ಲಿರಬೇಕು. ಎಲ್ಲಿ ಚಿಲಕ ಬಿದ್ದಿದೆ ಎಂಬುದು ಪೊಲೀಸರಿಗಿಂತ ಮೊದಲು ಅವರಿಗೆ ಗೊತ್ತಾಗಬೇಕು.

ಈ ಬರಹ ಓದುತ್ತಿರುವ ನಿಮ್ಮ ಮನೆಯಲ್ಲಿ, ಪಕ್ಕದ ಮನೆಯಲ್ಲಿ, ನೀವು ಬಲ್ಲ ಕೊಟ್ಟಿಗೆಯಲ್ಲಿ ಹಾಗೆ ಕಟ್ಟಿಹಾಕಿದ ಜೀವ ಇದ್ದರೆ ದಯವಿಟ್ಟು ಕಟ್ಟಿದವರನ್ನು ಬೈಯಬೇಡಿ, ಸುಮ್ಮನೆಯೂ ಇರಬೇಡಿ. ಅವರನ್ನು ಜೊತೆಗೆ ಕರೆದುಕೊಂಡು ತಾಲ್ಲೂಕು ಆಸ್ಪತ್ರೆಗೆ ಹೋಗಿ. ಅಷ್ಟು ಆಗದಿದ್ದರೆ ಒಂದು ಫೋನ್ ಮಾಡಿ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿಮನಸ್ ಸಹಾಯವಾಣಿಯ ಸಂಖ್ಯೆ 14416. ಹಗಲೂ ರಾತ್ರಿ ತೆರೆದಿರುತ್ತದೆ, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.